ಶಾವಿಗೆ ಬಂದ ದಾರಿ, ಮೆಣಸು ಹೋದ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕೆಲವು ಮನೆಗಳಲ್ಲಿ ಇಂದು ಪಾಸ್ತಾ ಹೊಸ ವಸ್ತುವಲ್ಲ. ಖೀಮಾ, ಟೊಮೆಟೊ ಗೊಜ್ಜು, ಚೀಸ್ ಸೇರಿಸಿ ಹದವಾಗಿ ಬೇಯಿಸಿದ ಪಾತ್ರೆಯನ್ನು ಮಕ್ಕಳು ಕಾದು ಕೂರುತ್ತಾರೆ. ಹಿರಿಯರು ಮಾತ್ರ ‘ಪರದೇಶಿ ತಿಂಡಿ’ ಎಂದು ಮೂಗು ಮುರಿಯುತ್ತಾರೆ. ಆದರೆ ಅದು ನಿಜಕ್ಕೂ ನಮಗೆ ಅಷ್ಟು ಪರಕೀಯವೇ?

ಇಟಲಿಯವರು ತಮ್ಮದೆನ್ನುವ ಒಣ ಪಾಸ್ತಾದ ಹಳೆಯ ದಾಖಲೆಗಳಲ್ಲೊಂದು ಅರಬಿ ಭಾಷೆಯಲ್ಲಿದೆ. ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರ್‌ಗಾಗಿ 1154ರಲ್ಲಿ ಭೂಗೋಳ ಗ್ರಂಥ ಬರೆದ ಅಲ್ ಇದ್ರೀಸಿ, ಪಲೆರ್ಮೋ ಬಳಿಯ ತ್ರಾಬಿಯಾದಲ್ಲಿ ‘ಇತ್ರಿಯ’ ಎಂಬ ಶಾವಿಗೆ ತಯಾರಾಗಿ, ಮುಸ್ಲಿಮ್ ಮತ್ತು ಕ್ರೈಸ್ತ ನಾಡುಗಳಿಗೆ ಹಡಗಿನಲ್ಲಿ ಹೋಗುತ್ತಿತ್ತೆಂದು ದಾಖಲಿಸಿದ್ದಾನೆ. ಒಣಗಿದ ಗೋಧಿ ಶಾವಿಗೆ ಕೆಡದೆ ದೂರ ಸಾಗಬಲ್ಲದು. ನಮ್ಮ ಮಲೆನಾಡಿನದು ಬೇರೆ ಕಥೆ. ಇಲ್ಲಿ ಬೆಳೆಯುವುದು ಭತ್ತ. ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಆದ್ದರಿಂದ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ, ಒರಳಿನಲ್ಲಿ ಒತ್ತಿ, ಅಂದೇ ತಿನ್ನುವ ಒತ್ತುಶಾವಿಗೆ ನಮ್ಮದಾಯಿತು. ಕಾಯಿಹಾಲಿಗೂ ಅದೇ, ಕೋಳಿಸಾರಿಗೂ ಅದೇ.

ಈ ನೆಲಕ್ಕೆ ಇಟಲಿಯವನೊಬ್ಬ ಬಂದದ್ದೂ ಉಂಟು. ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ 1623ರ ನವೆಂಬರಿನಲ್ಲಿ, ಗೋವೆಯ ಪೋರ್ತುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ಕೆಳದಿ ಅರಸು ವೆಂಕಟಪ್ಪ ನಾಯಕ. ಇಕ್ಕೇರಿ ಇಂದಿನ ಸಾಗರ ತಾಲೂಕಿನಲ್ಲಿದೆ. ಮುಂದಿನ ರಾಜಧಾನಿ ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ. ಪೋರ್ತುಗೀಸರಿಗೆ ಈ ರಾಜ್ಯದೊಡನೆ ಮುಖ್ಯ ಸಂಬಂಧ ಮೆಣಸಿನದು. ದೆಲ್ಲಾ ವಾಲ್ಲೆಯ ಕಾಲಕ್ಕೆ ಇಟಲಿಯ ಅಡುಗೆಯಲ್ಲಿ ಟೊಮೆಟೊ ಗೊಜ್ಜು ಇನ್ನೂ ನೆಲೆಯೂರಿರಲಿಲ್ಲ. ಅದರ ಮೊದಲ ಮುದ್ರಿತ ಪಾಕವಿಧಾನ ನೇಪಲ್ಸಿನಲ್ಲಿ ಅಂತೋನಿಯೋ ಲಾತೀನಿಯ ಪುಸ್ತಕದಲ್ಲಿ ಬಂದದ್ದು 1690ರ ದಶಕದಲ್ಲಿ, ಅದೂ ‘ಸ್ಪೇನ್ ಶೈಲಿ’ ಎಂಬ ಹೆಸರಿನಲ್ಲಿ. ಟೊಮೆಟೊದ ತವರು ಅಮೆರಿಕ. ಅಂದರೆ ಮೆಣಸು ನಮ್ಮಿಂದ ಅವರಿಗೆ ಹೋದದ್ದು, ಟೊಮೆಟೊ ಇಬ್ಬರಿಗೂ ಹೊರಗಿನಿಂದ ಬಂದದ್ದು.

ಮನೆಯಲ್ಲಿ ಓವನ್ ಇಲ್ಲವೆಂದು ಚಿಂತಿಸಬೇಕಿಲ್ಲ. ದಮ್ ಬಿರಿಯಾನಿ ಮಾಡಬಲ್ಲವರಿಗೆ ಇದು ಕಷ್ಟವಲ್ಲ. ಕಾಲು ಕಿಲೋ ಪಾಸ್ತಾವನ್ನು ಪೂರ್ತಿ ಬೇಯುವ ಎರಡು ನಿಮಿಷ ಮೊದಲೇ ಬಸಿಯಿರಿ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಖೀಮಾ ಬಾಡಿಸಿ, ಅರ್ಧ ಕಿಲೋ ಹಣ್ಣು ಟೊಮೆಟೊ ಮತ್ತು ಕುಟ್ಟಿದ ಕಾಳುಮೆಣಸು ಸೇರಿಸಿ ಕುದಿಸಿ. ಗೊಜ್ಜು ಸ್ವಲ್ಪ ತೆಳುವಾಗಿಯೇ ಇರಲಿ, ಪಾಸ್ತಾ ರಸ ಹೀರುತ್ತದೆ. ದಪ್ಪತಳದ ಡೇಗ್ಚಿಯಲ್ಲಿ ಪದರ ಪದರವಾಗಿ ಹರಡಿ, ಮೇಲೆ ಚೀಸ್ ಉದುರಿಸಿ, ಮುಚ್ಚಳದ ಮೇಲೂ ಕೆಂಡವಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಇಳಿಸಿ ಹತ್ತು ನಿಮಿಷ ಕಳೆದು ಬಡಿಸಿದರೆ ತುಂಡು ಚೆನ್ನಾಗಿ ನಿಲ್ಲುತ್ತದೆ.

ಇನ್ನೊಬ್ಬರ ತಟ್ಟೆಯಲ್ಲಿರುವುದು ಈ ನೆಲದ್ದೋ ಅಲ್ಲವೋ ಎಂದು ತೀರ್ಪು ಕೊಡುವವರು ಇಂದು ಹೆಚ್ಚಾಗಿದ್ದಾರೆ. ಅಂಥವರು ನಮ್ಮ ಭಾಷೆಯ ಒಂದು ಪದವನ್ನು ಗಮನಿಸಲಿ. ಸಮುದ್ರ ದಾಟಿ ಬಂದ ಖಾರದ ಕಾಯಿಗೆ ಕನ್ನಡಿಗರು ತಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಆ ಮೇಲೆ ಸ್ವಂತ ಮೆಣಸನ್ನು ಗುರುತಿಸಲು ಕಾಳುಮೆಣಸು, ಒಳ್ಳೆಮೆಣಸು ಎನ್ನಬೇಕಾಯಿತು. ಹೊರಗಿನಿಂದ ಬಂದದ್ದಕ್ಕೆ ಮನೆಯ ಹೆಸರನ್ನೇ ಬಿಟ್ಟುಕೊಟ್ಟ ಭಾಷೆ ನಮ್ಮದು.