ಕಾಂಕ್ರೀಟು ಕಲಸುವ ನೀರಿನ ಕಲ್ಮಶಗಳು

ಸಿಮೆಂಟು, ಮರಳು, ಜಲ್ಲಿಗಳನ್ನು ಕಲಸಲು ಬಳಸುವ ನೀರಿನಲ್ಲಿ ಕರಗಿರುವ ಇಲ್ಲವೆ ತೇಲುವ ಅನ್ಯವಸ್ತುಗಳು. ಸಿಮೆಂಟು ನೀರಿನೊಡನೆ ವರ್ತಿಸಿಯೇ ಗಟ್ಟಿಯಾಗುವುದರಿಂದ ಇವು ಕಾಂಕ್ರೀಟಿನ ಬಿಗಿತದ ಸಮಯ, ಬಲ, ಬಾಳಿಕೆ ಮೂರನ್ನೂ ಕೆಡಿಸಬಲ್ಲವು. ಕುಡಿಯಲು ಯೋಗ್ಯವಾದ ನೀರು ಸಾಮಾನ್ಯವಾಗಿ ಕಾಂಕ್ರೀಟಿಗೂ ಯೋಗ್ಯ.

ಎಲ್ಲಕ್ಕಿಂತ ಅಪಾಯಕಾರಿ ಕ್ಲೋರೈಡ್. ಕಾಂಕ್ರೀಟಿನ ತೀವ್ರ ಕ್ಷಾರಗುಣದಿಂದಾಗಿ ಒಳಗಿನ ಕಂಬಿಯ ಮೇಲೆ ತೆಳುವಾದ ಆಕ್ಸೈಡ್ ಪೊರೆ ಮೂಡಿ ತುಕ್ಕನ್ನು ತಡೆಯುತ್ತದೆ. ಕ್ಲೋರೈಡ್ ಈ ಪೊರೆಯನ್ನೇ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದ ಬಿರಿದು ಪದರವಾಗಿ ಉದುರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರಿನಲ್ಲಿ ಕಲಸಿದರೆ ಮೊದಮೊದಲು ಬಲ ಬೇಗ ಬರುತ್ತದೆ, ಮುಂದೆ ಕುಗ್ಗುತ್ತದೆ. ಆರಂಭದ ಈ ಬಲವನ್ನು ನಂಬಬಾರದು. ಕರಾವಳಿಯಲ್ಲಿ ನದೀಮುಖದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವುದುಂಟು. ಮಳೆಗಾಲದಲ್ಲಿ ಮಾಡಿಸಿದ ಪರೀಕ್ಷೆ ಅಂಥಲ್ಲಿ ಮೇ ತಿಂಗಳ ಕೆಲಸಕ್ಕೆ ಸಲ್ಲದು.

ಸಲ್ಫೇಟುಗಳು ಸಿಮೆಂಟಿನ ಅಲ್ಯುಮಿನೇಟಿನೊಡನೆ ಸೇರಿ ಉಬ್ಬುವ ಲವಣಗಳನ್ನು ಉಂಟುಮಾಡುತ್ತವೆ. ಪಾಚಿ ಕಾಂಕ್ರೀಟಿನೊಳಗೆ ಗಾಳಿಗುಳ್ಳೆಗಳನ್ನು ಹೆಚ್ಚಿಸಿ ಬಲವನ್ನು ತಗ್ಗಿಸುತ್ತದೆ. ಸಕ್ಕರೆಯ ಅಂಶ ಸಿಮೆಂಟಿನ ತೂಕದ ಶೇ. 0.05ರಷ್ಟಿದ್ದರೂ ಬಿಗಿತ ಬಹಳ ತಡವಾಗುತ್ತದೆ. ಸುಣ್ಣದ ಗಾರೆಗೆ ಬೆಲ್ಲ ಬೆರೆಸುವುದು ನಮ್ಮ ಹಳೆಯ ಪದ್ಧತಿ. ಅದನ್ನು ಸಿಮೆಂಟಿಗೆ ಅನ್ವಯಿಸಬಾರದು.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ನೀರಿನ ಪಿಎಚ್ 6ಕ್ಕಿಂತ ಕಡಿಮೆಯಿರಕೂಡದು. ಲೀಟರಿಗೆ ಸಾವಯವ ವಸ್ತು 200, ನಿರವಯವ ವಸ್ತು 3000, ಸಲ್ಫೇಟು 400, ತೇಲುವ ಕಣ 2000 ಮಿಲಿಗ್ರಾಂ ಮೀರಬಾರದು. ಕ್ಲೋರೈಡಿನ ಮಿತಿ ಕಂಬಿಯಿಲ್ಲದ ಕಾಂಕ್ರೀಟಿಗೆ 2000, ಕಂಬಿಯಿರುವುದಕ್ಕೆ 500 ಮಿಲಿಗ್ರಾಂ. ಸಂದೇಹವಿದ್ದಾಗ ಆ ನೀರಿನಲ್ಲಿ ಎರಕ ಹೊಯ್ದ 150 ಮಿ.ಮೀ. ಘನಗಳ 28 ದಿನಗಳ ಸರಾಸರಿ ಬಲ, ಬಟ್ಟಿ ಇಳಿಸಿದ ನೀರಿನ ಘನಗಳ ಬಲದ ಶೇ. 90ಕ್ಕೆ ಕಡಿಮೆಯಿರಬಾರದು. ಆದರೆ ಈ ಪರೀಕ್ಷೆ ಕಂಬಿಯ ತುಕ್ಕಿನ ಬಗ್ಗೆ ಏನನ್ನೂ ಹೇಳದು. ಅದಕ್ಕೆ ಕ್ಲೋರೈಡನ್ನು ಪ್ರತ್ಯೇಕವಾಗಿ ಅಳೆಯಲೇಬೇಕು.

2024ರ ಬೇಸಿಗೆಯ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರನ್ನು ನಿಷೇಧಿಸಿ, ಸಂಸ್ಕರಿಸಿದ ನೀರನ್ನು ಬಳಸಲು ಸೂಚಿಸಿತು. ನೀರಿನ ಉಳಿತಾಯಕ್ಕೆ ಇದು ಸರಿಯಾದ ದಾರಿಯೇ. ಆದರೆ ಸಂಸ್ಕರಣೆಯ ಗುಣಮಟ್ಟ ಘಟಕದಿಂದ ಘಟಕಕ್ಕೆ ಬೇರೆಯಾಗುವುದರಿಂದ, ಟ್ಯಾಂಕರಿನ ನೀರಿನ ಮೂಲ ಬದಲಾದಾಗಲೆಲ್ಲ ಮರುಪರೀಕ್ಷೆ ಅಗತ್ಯ.