ಬದನೆಕಾಯಿಗೆ ಬ್ರಿಂಜಾಲ್ ಅಂದರೆ ತಪ್ಪೇನು?

ಅಮೆರಿಕಕ್ಕೆ ಹೊಸದಾಗಿ ಹೋದ ನಮ್ಮವರು ಮೊದಲ ವಾರದಲ್ಲೇ ಕಲಿಯುವ ಪಾಠ ತರಕಾರಿ ಅಂಗಡಿಯದ್ದು. ಬ್ರಿಂಜಾಲ್ ಅಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಎಗ್‌ಪ್ಲಾಂಟ್ ಅನ್ನಬೇಕು. ಬೆಂಡೆಕಾಯಿ ಓಕ್ರಾ, ಕೊತ್ತಂಬರಿ ಸೊಪ್ಪು ಸಿಲಾಂಟ್ರೋ. ಮೊಸರು ಬೇಕೆಂದು ಕರ್ಡ್ ಕೇಳಿದರೆ ಒಡೆದ ಹಾಲಿನ ಗಟ್ಟಿ ತೋರಿಸುತ್ತಾರೆ. ಇಷ್ಟನ್ನೆಲ್ಲ ಬಾಯಿಪಾಠ ಮಾಡಿಕೊಂಡು ಲಂಡನ್ನಿಗೆ ಹೋದಿರೋ, ಅಲ್ಲಿ ಎಗ್‌ಪ್ಲಾಂಟೂ ನಡೆಯುವುದಿಲ್ಲ, ಆಬರ್ಜೀನ್ ಅನ್ನಬೇಕು! ಅಮೆರಿಕದ ಚಿಪ್ಸ್ ಲಂಡನ್ನಿನಲ್ಲಿ ಕ್ರಿಸ್ಪ್ಸ್, ಲಂಡನ್ನಿನ ಚಿಪ್ಸ್ ಅಮೆರಿಕದಲ್ಲಿ ಫ್ರೈಸ್. ಆಂತ್ರೇ ಅಂದರೆ ಆಸ್ಟ್ರೇಲಿಯಾದಲ್ಲಿ ಊಟಕ್ಕೆ ಮೊದಲು ಬರುವ ತಿಂಡಿ, ಅಮೆರಿಕದಲ್ಲಿ ಮುಖ್ಯ ಊಟವೇ ಅದು.

ಇದನ್ನೆಲ್ಲ ನಗುತ್ತಾ ಹೇಳುವ ನಮ್ಮವರು ಕೊನೆಗೊಂದು ಮಾತು ಸೇರಿಸುತ್ತಾರೆ, "ನಾವು ಕಲಿತಿದ್ದೇ ತಪ್ಪು ಇಂಗ್ಲಿಷ್ ಕಣ್ರೀ" ಅಂತ. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆ.

ಮೊದಲು ಬಿಸ್ಕೆಟ್ಟಿನ ಕಥೆ ನೋಡೋಣ. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ 'ಎರಡು ಸಲ ಬೇಯಿಸಿದ್ದು'. ತಿಂಗಳುಗಟ್ಟಲೆ ಕೆಡಬಾರದೆಂದು ಒಣಗಿಸಿ ಹಡಗಿಗೆ ಹೇರುತ್ತಿದ್ದ ಗಟ್ಟಿ ತಿನಿಸಿಗೂ ಇದೇ ಹೆಸರಿತ್ತು. ಬ್ರಿಟನ್, ಆಸ್ಟ್ರೇಲಿಯಾ, ಭಾರತ ಮೂರೂ ಕಡೆ ಹೆಸರು ಹಾಗೇ ಉಳಿಯಿತು. ಅಮೆರಿಕದಲ್ಲಿ ಮಾತ್ರ ಬಿಸ್ಕೆಟ್ ಅಂದರೆ ಮೆತ್ತಗಿನ ಬನ್ನಿನಂಥದ್ದು, ಮೇಲೆ ಗ್ರೇವಿ ಸುರಿದುಕೊಂಡು ತಿನ್ನುವಂಥದ್ದು. ನಮ್ಮ ಬಿಸ್ಕೆಟ್ಟಿಗೆ ಅವರು ಕುಕಿ ಅಂತಾರೆ.

ಈ ಕುಕಿ ಬಂದದ್ದು ಡಚ್ಚರಿಂದ. ಇವತ್ತಿನ ನ್ಯೂಯಾರ್ಕ್ 1664ರವರೆಗೆ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತು. ಆ ವರ್ಷ ಇಂಗ್ಲಿಷರು ಊರನ್ನು ವಶಪಡಿಸಿಕೊಂಡು ಹೆಸರು ಬದಲಿಸಿದರು. ಆಡಳಿತ ಹೋಯಿತು, ಆದರೆ ಡಚ್ ಮನೆಗಳು ಅಲ್ಲೇ ಉಳಿದವು, ಅವರ ಒಲೆಯೂ ಆರಲಿಲ್ಲ. ಪಕ್ಕದ ಮನೆಯಿಂದ ತಿಂಡಿ ಬಂದಾಗ ಅದರ ಹೆಸರೂ ತಟ್ಟೆಯ ಜೊತೆಗೇ ಬರುತ್ತದಲ್ಲವೇ?

1742ರಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ಒಂದು ಅಡುಗೆ ಪುಸ್ತಕ ಅಚ್ಚಾಯಿತು, ಆದರೆ ಅದು ಲಂಡನ್ನಿನ ಪುಸ್ತಕದ್ದೇ ಮರುಮುದ್ರಣ. ಅಮೆರಿಕದವಳೇ ಬರೆದ ಅಡುಗೆ ಪುಸ್ತಕಕ್ಕೆ 1796ರವರೆಗೆ ಕಾಯಬೇಕಾಯಿತು. ಹಾರ್ಟ್‌ಫರ್ಡಿನಲ್ಲಿ ಅಚ್ಚಾದ ಆ ಪುಟ್ಟ ಪುಸ್ತಕ ಬರೆದವಳು ಅಮೀಲಿಯಾ ಸಿಮನ್ಸ್. ಮುಖಪುಟದಲ್ಲಿ ಅವಳ ಪರಿಚಯ 'ಅಮೆರಿಕದ ಅನಾಥೆ' ಎಂದಷ್ಟೇ ಇದೆ. ಕುಕಿ, ಸ್ಲಾ ಎಂಬ ಡಚ್ ಮೂಲದ ಪದಗಳು ಆ ಪುಸ್ತಕದಲ್ಲಿವೆ. ಸ್ವತಂತ್ರ ದೇಶಕ್ಕೆ ಸ್ವಂತ ಭಾಷೆ ಬೇಕು ಎಂದು ನೋವಾ ವೆಬ್‌ಸ್ಟರ್ 1789ರಲ್ಲೇ ವಾದಿಸಿದ್ದರು, ಅವರ ದೊಡ್ಡ ನಿಘಂಟು ಬಂದದ್ದು 1828ರಲ್ಲಿ. ಅಷ್ಟರೊಳಗೆ ಅಡುಗೆಮನೆ ತನ್ನ ಕೆಲಸ ಮುಗಿಸಿ ಕೈ ತೊಳೆದುಕೊಂಡಿತ್ತು!

ಇದನ್ನು ಬರೀ ತಮಾಷೆ ಎಂದುಕೊಳ್ಳಬೇಡಿ. 1915ರಲ್ಲಿ ಗಲಿಪೊಲಿಯಲ್ಲಿ ಹೋರಾಡಿದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೈನಿಕರ ಹೆಸರಿನಲ್ಲಿ ಆನ್ಜಾಕ್ ಬಿಸ್ಕೆಟ್ ಎಂಬ ಓಟ್ಸ್ ತಿನಿಸಿದೆ. ಆಸ್ಟ್ರೇಲಿಯಾದಲ್ಲಿ ಆನ್ಜಾಕ್ ಎಂಬ ಪದಕ್ಕೆ 1921ರಿಂದ ಕಾನೂನಿನ ರಕ್ಷಣೆ ಇದೆ. ಬಿಸ್ಕೆಟ್ ಎಂದು ಮಾರಬಹುದು, ಕುಕಿ ಎಂದು ಮಾರಲು ಸರ್ಕಾರ ಒಪ್ಪುವುದಿಲ್ಲ. ಕುಕಿ ಅಂದರೆ ಸತ್ತವರ ನೆನಪೇ ಬೇರೆಯವರ ಪಾಲಾದಂತೆ ಅವರಿಗೆ.

ಇನ್ನು ಕಾರ್ನ್. ಹಳೇ ಇಂಗ್ಲಿಷಿನಲ್ಲಿ ಇದರ ಅರ್ಥ ಬರೀ ಕಾಳು. ಯಾವ ಊರಿನಲ್ಲಿ ಯಾವ ಬೆಳೆ ಮುಖ್ಯವೋ ಅದೇ ಅಲ್ಲಿನ ಕಾರ್ನ್. ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಕಾರ್ನ್ಡ್ ಬೀಫ್ ಎಂಬ ಹೆಸರಿನಲ್ಲಿರುವ ಕಾರ್ನ್ ಅಂತೂ ಉಪ್ಪಿನ ಹರಳು! ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷರು ಅಲ್ಲಿನ ಮೂಲನಿವಾಸಿಗಳ ಬೆಳೆ ಕಂಡು ಅದನ್ನು ಇಂಡಿಯನ್ ಕಾರ್ನ್ ಎಂದರು. ಬರಬರುತ್ತಾ ಇಂಡಿಯನ್ ಉದುರಿಹೋಗಿ ಕಾರ್ನ್ ಉಳಿಯಿತು. ಬ್ರಿಟನ್ನಿನಲ್ಲಿ ಅದಕ್ಕೆ ಕೆರಿಬಿಯನ್ ಮೂಲದ, ಸ್ಪ್ಯಾನಿಷ್ ಮೂಲಕ ಬಂದ ಮೇಜ಼್ ಎಂಬ ಹೆಸರು ನಿಂತಿತು.

ನಮ್ಮಲ್ಲಿ ಆದದ್ದೂ ಇದೇ ನೋಡಿ. ನಮಗೆ ಜೋಳ ಅಂದರೆ ರೊಟ್ಟಿಯ ಬಿಳಿಜೋಳ. ಹೊರಗಿನಿಂದ ಈ ಹೊಸ ಕಾಳು ಬಂದಾಗ ಒಂದೊಂದು ಕಡೆ ಒಂದೊಂದು ಹೆಸರಾಯಿತು. ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ. ಬೆಂಗಳೂರಿನ ರಸ್ತೆಬದಿಯಲ್ಲಿ "ಜೋಳ ಕೊಡಿ" ಅಂದರೆ ಸುಟ್ಟ ತೆನೆ ಕೊಡುತ್ತಾರೆ, ವಿಜಯಪುರದ ಸಂತೆಯಲ್ಲಿ ಅದೇ ಮಾತಿಗೆ ರೊಟ್ಟಿಯ ಜೋಳ ಅಳೆಯುತ್ತಾರೆ. ಇದರಲ್ಲಿ ಯಾರದು ತಪ್ಪು ಕನ್ನಡ?

ಈ ಕಾರ್ನ್ ಪದದ ಕಹಿ ಅಧ್ಯಾಯ ಐರ್ಲೆಂಡಿನದ್ದು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಪ್ರಧಾನಿ ರಾಬರ್ಟ್ ಪೀಲ್ ಗುಟ್ಟಾಗಿ ಒಂದು ಲಕ್ಷ ಪೌಂಡಿನ ಇಂಡಿಯನ್ ಕಾರ್ನನ್ನು ಅಮೆರಿಕದಿಂದ ತರಿಸಿದರು. ಅದು ಕಲ್ಲಿನಂಥ ಕಾಳು, ಬೀಸಲು ತಕ್ಕ ಗಿರಣಿಗಳಿಲ್ಲ, ಬೇಯಿಸುವ ರೀತಿ ಜನಕ್ಕೆ ಗೊತ್ತಿಲ್ಲ. ಅರೆಬೆಂದದ್ದನ್ನು ತಿಂದು ಹೊಟ್ಟೆ ಕೆಟ್ಟವರು ಅದರ ಹಳದಿ ಬಣ್ಣ ನೋಡಿ 'ಪೀಲ್‌ನ ಗಂಧಕ' ಎಂದು ಕರೆದರು. ಅತ್ತ ಐರ್ಲೆಂಡಿನ ಓಟ್ಸ್ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು, ಇತ್ತ ಅಮೆರಿಕದ ಮೆಕ್ಕೆಜೋಳ ಹಡಗಿನಿಂದ ಇಳಿಯುತ್ತಿತ್ತು. ಹೆಸರಿನಲ್ಲಿ ಎರಡೂ ಕಾರ್ನೇ. ಆ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟು ಜನ ದೇಶ ಬಿಟ್ಟರು. ಹಾಗೆ ಹೊರಟವರಲ್ಲಿ ಬಹಳ ಮಂದಿ ಸೇರಿದ್ದು ಆ ಕಾಳಿನ ದೇಶವನ್ನೇ.

ಈಗ ನಮ್ಮ ಬದನೆಕಾಯಿಗೆ ಬರೋಣ. ಇದು ನಮ್ಮ ಕಡೆಯದೇ ತರಕಾರಿ. ಸಂಸ್ಕೃತದ ವಾತಿಂಗಣ ಪರ್ಷಿಯಾದಲ್ಲಿ ಬಾದಿಂಗಾನ್ ಆಯಿತು, ಅರಬರ ಬಾಯಲ್ಲಿ ಅಲ್-ಬಾದಿಂಜಾನ್. ಅರಬರ ಜೊತೆ ಸ್ಪೇನಿಗೆ ಹೋಗಿ ಕ್ಯಾಟಲನ್ ಭಾಷೆಯಲ್ಲಿ ಆಲ್ಬರ್ಜಿನಿಯಾ ಆಗಿ, ಫ್ರೆಂಚರ ಕೈಗೆ ಸಿಕ್ಕಿ ಆಬರ್ಜೀನ್ ಆಯಿತು. ಅದೇ ಅರಬ್ಬಿ ಪದ ಪೋರ್ಚುಗೀಸರಲ್ಲಿ ಬೆರಿಂಜೆಲಾ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಜೊತೆ ಪದ ತವರಿಗೆ ಮರಳಿತು, ಇಲ್ಲಿಗೆ ಬಂದ ಇಂಗ್ಲಿಷರು ಅದನ್ನು ಎತ್ತಿಕೊಂಡು ಬ್ರಿಂಜಾಲ್ ಎಂದರು. ಎಗ್‌ಪ್ಲಾಂಟಿನದು ಬೇರೆ ದಾರಿ. ಯುರೋಪಿನವರು ಕಂಡ ಒಂದು ತಳಿ ಬೆಳ್ಳಗೆ, ಮೊಟ್ಟೆಯ ಆಕಾರದಲ್ಲಿತ್ತು, ಅಷ್ಟೇ.

17ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷರ ಬರಹಗಳಲ್ಲೇ ಬ್ರಿಂಜಾಲ್ ನಾನಾ ಕಾಗುಣಿತಗಳಲ್ಲಿ ಸಿಗುತ್ತದೆ. ಎಗ್‌ಪ್ಲಾಂಟ್, ಆಬರ್ಜೀನ್ ಎರಡೂ ಇಂಗ್ಲಿಷಿಗೆ ಬಂದದ್ದು 18ನೇ ಶತಮಾನದಲ್ಲಿ. ಅಂದರೆ ಮೂರರಲ್ಲಿ ಹಿರಿಯಣ್ಣ ನಮ್ಮ ಬ್ರಿಂಜಾಲ್! ದಕ್ಷಿಣ ಆಫ್ರಿಕಾ, ಮಲೇಷ್ಯಾ, ಸಿಂಗಪುರಗಳಲ್ಲೂ ಇದೇ ಹೆಸರು ನಡೆಯುತ್ತದೆ. ಕೆರಿಬಿಯನ್ ದ್ವೀಪಗಳಿಗೆ ಹೋಗಿ 'ಬ್ರೌನ್-ಜಾಲಿ' ಆದದ್ದೂ ಉಂಟು, 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಆ ಮಾತಿದೆ. ಟ್ರಿನಿಡಾಡಿನಲ್ಲಿ ಮಾತ್ರ ಬೈಗನ್ ಎಂಬ ಹೆಸರೂ ಇದೆ. 1845ರಿಂದ ಕರಾರು ಕೂಲಿಗಳಾಗಿ ಅಲ್ಲಿಗೆ ಸಾಗಿಸಲ್ಪಟ್ಟ ಉತ್ತರ ಭಾರತದವರು ಕೊಂಡೊಯ್ದ ಹೆಸರದು. ಕಬ್ಬಿನ ಗದ್ದೆಯಲ್ಲಿ ದುಡಿದು ಸವೆದವರು ಉಳಿಸಿಕೊಂಡ ಆಸ್ತಿಯಲ್ಲಿ ಇದೂ ಒಂದು.

2000ದ ದಶಕದಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ನಮ್ಮ ಹುಡುಗರ ಉಚ್ಚಾರಣೆ ತಿದ್ದಿ, ಅಮೆರಿಕದ ಪದ ಕಲಿಸುತ್ತಿದ್ದರು. ಸಂಬಳದ ಕೆಲಸ, ಎದುರಿನವರಿಗೆ ಅರ್ಥವಾಗಬೇಕು, ಸರಿ. ಅಟ್ಲಾಂಟಾದಲ್ಲಿ ಎಗ್‌ಪ್ಲಾಂಟ್ ಕೇಳಿ, ಬೇಡ ಅನ್ನಲಿಲ್ಲ. ಆದರೆ ಇದು ಊರಿಗೆ ತಕ್ಕ ಬದಲಾವಣೆಯೇ ಹೊರತು ತಪ್ಪಿನ ತಿದ್ದುಪಡಿ ಅಲ್ಲ. ಡಚ್ಚರ ಒಲೆಯಿಂದ ಬಂದ ಕುಕಿ ಸರಿಯಾದ ಇಂಗ್ಲಿಷ್ ಆದರೆ ಗೋವಾ ದಾರಿಯಲ್ಲಿ ಬಂದ ಬ್ರಿಂಜಾಲೂ ಸರಿಯೇ. ಮನೆಯಲ್ಲಿ ಮಗು ಬ್ರಿಂಜಾಲ್ ಅಂದಾಗ ತಿದ್ದಲು ಹೋಗಬೇಡಿ. ಆ ಪದ ಎಲ್ಲೆಲ್ಲಿ ತಿರುಗಿ ಬಂತು ಅಂತ ಕಥೆ ಹೇಳಿ.

ಅಂದಹಾಗೆ, ನಿಮ್ಮೂರಲ್ಲಿ ಮೆಕ್ಕೆಜೋಳಕ್ಕೆ ಏನಂತೀರಿ?