ನವೆಂಬರ್ 30ರ ಗೆರೆ: ಅಟ್ಲಾಂಟಿಕ್‌ನ ತಡವಾದ ಚಂಡಮಾರುತಗಳ ಕಥೆ

ಅಟ್ಲಾಂಟಿಕ್ ಹರಿಕೇನ್ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಕ್ತಾಯ. ಫ್ಲೋರಿಡಾ, ಟೆಕ್ಸಾಸ್ ಕಡೆ ಮನೆ ಮಾಡಿರೋ ಕನ್ನಡಿಗರಿಗೆ ಈ ಎರಡು ದಿನಾಂಕ ಬಾಯಿಪಾಠ. ಆದರೆ ಈ ನವೆಂಬರ್ 30 ಅನ್ನೋದನ್ನ ತೀರ್ಮಾನ ಮಾಡಿದ್ದು ಯಾರು? ಸಮುದ್ರವಂತೂ ಅಲ್ಲ.

ಊರಲ್ಲಿ ಬೆಳೆದವರಿಗೆ ನವೆಂಬರ್ ಚಂಡಮಾರುತ ಹೊಸದಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ವಾರ್ತೆಯಲ್ಲಿ ಹೇಳಿದರೆ, ಬೆಂಗಳೂರಲ್ಲಿ ಎರಡು ದಿನ ಮೋಡ, ಜಿಟಿಜಿಟಿ ಮಳೆ, ಒಣಗದ ಬಟ್ಟೆ. 1970ರ ಭೋಲಾ ಚಂಡಮಾರುತ, 1977ರ ಆಂಧ್ರ ಚಂಡಮಾರುತ, ಎರಡೂ ಬಂದದ್ದು ನವೆಂಬರ್‌ನಲ್ಲೇ. ಅಟ್ಲಾಂಟಿಕ್‌ನ ಲೆಕ್ಕ ಬೇರೆ. ಅಲ್ಲಿ ಸೀಸನ್ ತುತ್ತತುದಿ ಮುಟ್ಟೋದು ಸೆಪ್ಟೆಂಬರ್ 10ರ ಸುಮಾರಿಗೆ. ಅಕ್ಟೋಬರ್ ಮುಗಿಯೋ ಹೊತ್ತಿಗೆ ಜನ ನಿಟ್ಟುಸಿರು ಬಿಡ್ತಾರೆ. ತಡವಾಗಿ ಬರುವ ಚಂಡಮಾರುತದ ಅಪಾಯ ಇರೋದು ಆ ನಿಟ್ಟುಸಿರಿನಲ್ಲೇ.

ಮೊದಲು ವಿಜ್ಞಾನ ಸ್ವಲ್ಪ ನೋಡೋಣ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೊಡ್ಡ ಹರಿಕೇನ್‌ಗಳು ಹೆಚ್ಚಾಗಿ ಹುಟ್ಟೋದು ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಹೊರಟ ಗಾಳಿಯ ಅಲೆಗಳಿಂದ. ಅವು ಅಷ್ಟು ದೊಡ್ಡ ಸಾಗರ ದಾಟಿ ಬರಬೇಕು, ಹಾಗಾಗಿ ನೋಡುವವರಿಗೆ ಒಂದು ವಾರವಾದರೂ ಸಮಯ ಸಿಗುತ್ತೆ. ಅಕ್ಟೋಬರ್ ಹೊತ್ತಿಗೆ ಆ ದಾರಿಯಲ್ಲಿ ಓಡಾಟ ಕಡಿಮೆಯಾಗುತ್ತದೆ. ಆಗ ಕಣ್ಣಿಡಬೇಕಾದ ಜಾಗ ಪಶ್ಚಿಮ ಕೆರಿಬಿಯನ್, ಅಂದರೆ ಕ್ಯೂಬಾ, ಜಮೈಕಾ ಮತ್ತು ನಿಕರಾಗುವಾ ನಡುವಿನ ನೀರು. ಚಂಡಮಾರುತ ಹುಟ್ಟೋಕೆ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಇಲ್ಲಿ ನವೆಂಬರ್‌ನಲ್ಲೂ ಅಷ್ಟು ಬಿಸಿ ಇರುತ್ತೆ, ಅದೂ ಆಳದವರೆಗೆ. ಇಲ್ಲಿ ಹುಟ್ಟಿದ ಚಂಡಮಾರುತ ದಡ ಮುಟ್ಟೋಕೆ ಸಾಗರ ದಾಟಬೇಕಿಲ್ಲ. ಸುತ್ತ ಎಲ್ಲ ಕಡೆ ಜನ ಇದ್ದಾರೆ.

ಇದು ಕ್ಯೂಬಾದ ಜನಕ್ಕೆ ಮೊದಲಿನಿಂದ ಗೊತ್ತಿತ್ತು. 1844 ಮತ್ತು 1846ರಲ್ಲಿ ಹವಾನಾವನ್ನು ಪುಡಿ ಮಾಡಿದ ಎರಡು ಹರಿಕೇನ್‌ಗಳೂ ಅಕ್ಟೋಬರ್‌ನವು. 1870ರಲ್ಲಿ ಬೆನಿಟೋ ವಿನ್ಯೆಸ್ ಎಂಬ ಜೆಸ್ಯೂಟ್ ಪಾದ್ರಿ ಹವಾನಾದ ಬೆಲೆನ್ ಕಾಲೇಜಿನ ವೀಕ್ಷಣಾಲಯಕ್ಕೆ ನಿರ್ದೇಶಕರಾಗಿ ಬಂದರು. ಅವರ ಹತ್ತಿರ ಉಪಗ್ರಹ ಇರಲಿಲ್ಲ, ರೇಡಿಯೊ ಕೂಡ ಇರಲಿಲ್ಲ. ವಾಯುಭಾರ ಮಾಪಕ ಇತ್ತು, ಹಡಗುಗಳ ವರದಿ ಇತ್ತು, ಟೆಲಿಗ್ರಾಫ್ ಇತ್ತು. ಎತ್ತರದಲ್ಲಿ ಹತ್ತಿಯ ಎಳೆಗಳಂತೆ ಹರಡುವ ಮೋಡಗಳು ಯಾವ ದಿಕ್ಕಿಗೆ ಚಲಿಸುತ್ತವೆ ಅನ್ನೋದನ್ನ ನೋಡಿ, ಕಣ್ಣಿಗೆ ಕಾಣದ ಚಂಡಮಾರುತ ಎಲ್ಲಿದೆ ಅಂತ ಅವರು ಅಂದಾಜು ಮಾಡ್ತಿದ್ದರು. 1875ರ ಸೆಪ್ಟೆಂಬರ್ 11ರಂದು ಅವರ ಮುನ್ಸೂಚನೆ ಪತ್ರಿಕೆಯಲ್ಲಿ ಅಚ್ಚಾಯಿತು. ಚಂಡಮಾರುತದ ದಾರಿ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತೆ ಅನ್ನೋದನ್ನೂ ಅವರು ದಾಖಲಿಸಿದರು.

ಈಗ 1932ಕ್ಕೆ ಬರೋಣ. ಆ ವರ್ಷ ಅಕ್ಟೋಬರ್ 30ರ ಹೊತ್ತಿಗೆ ಕೆರಿಬಿಯನ್‌ನ ಪೂರ್ವದ ದ್ವೀಪಗಳ ಬಳಿ ಒಂದು ಚಂಡಮಾರುತ ಹುಟ್ಟಿತು. ಅದು ಕೊಲಂಬಿಯಾ ಕಡೆಗೆ ಸಾಗಿ, ನಿಧಾನವಾಗಿ ಬಲಿತು, ಉತ್ತರಕ್ಕೆ ತಿರುಗಿತು. ನವೆಂಬರ್ 5ರಂದು ಫೀಮಿಯಸ್ ಎಂಬ ಬ್ರಿಟಿಷ್ ಹಡಗು ಅದರ ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಂಡಿತು. ಗಾಳಿ ಹಡಗಿನ ಹೊಗೆ ಕೊಳವೆಯನ್ನೇ ಕಿತ್ತೊಯ್ದಿತು. ಇಂಜಿನ್ ಇಲ್ಲದ ಹಡಗು ಹಲವು ದಿನ ಚಂಡಮಾರುತದ ಜೊತೆಗೇ ತೇಲಿತು. ಆ ಸ್ಥಿತಿಯಲ್ಲೂ ಅಲ್ಲಿದ್ದವರು ವಾಯುಭಾರ ಓದಿ ಬರೆದಿಟ್ಟರು: 914 ಮಿಲಿಬಾರ್. ಸಾಮಾನ್ಯ ದಿನ ಸಮುದ್ರಮಟ್ಟದಲ್ಲಿ ಅದು ಸುಮಾರು 1013 ಇರುತ್ತೆ. 21ನೇ ಶತಮಾನದಲ್ಲಿ ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಅದು ಗಂಟೆಗೆ ಸುಮಾರು 280 ಕಿಲೋಮೀಟರ್ ಗಾಳಿಯ 5ನೇ ದರ್ಜೆ ಹರಿಕೇನ್ ಅಂತ ತೀರ್ಮಾನಿಸಿದರು. ನವೆಂಬರ್‌ನಲ್ಲಿ ಆ ದರ್ಜೆ ಮುಟ್ಟಿದ್ದು ಅಟ್ಲಾಂಟಿಕ್ ದಾಖಲೆಯಲ್ಲಿ ಅದೊಂದೇ. ಡೇಟಾ ಕೆಲಸ ಮಾಡುವ ನನಗೆ ಈ ಓದುಗಳ ಬೆಲೆ ಗೊತ್ತು. ಹಡಗು ಹೋಗದ ಕಡೆ ಎಷ್ಟು ಚಂಡಮಾರುತ ಲೆಕ್ಕಕ್ಕೇ ಸಿಗದೆ ಕರಗಿಹೋದವೋ!

ನವೆಂಬರ್ 9ರಂದು ಅದು ಕ್ಯೂಬಾದ ದಕ್ಷಿಣ ತೀರಕ್ಕೆ ಬಡಿಯಿತು. ಸಾಂತಾ ಕ್ರೂಸ್ ದೆಲ್ ಸುರ್ ಅನ್ನೋ ಊರು ತಗ್ಗು ಕಡಲದಡದಲ್ಲಿತ್ತು. 6 ಮೀಟರಿಗೂ ಎತ್ತರದ ನೀರು, ಅಂದರೆ ಎರಡು ಅಂತಸ್ತಿನ ಮನೆಯಷ್ಟು, ಊರನ್ನೇ ಗುಡಿಸಿಕೊಂಡು ಹೋಯಿತು. ದ್ವೀಪದಲ್ಲಿ ಸತ್ತವರು ಸುಮಾರು 3,000 ಜನ, ಅವರಲ್ಲಿ ಹೆಚ್ಚಿನವರು ಆ ಒಂದೇ ಊರಿನವರು. ಕ್ಯೂಬಾದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಕೊಂದ ಹರಿಕೇನ್ ದಾಖಲಾಗಿಲ್ಲ.

ಮೂರು ವರ್ಷ ಆದಮೇಲೆ, 1935ರಲ್ಲಿ, ಅಮೆರಿಕದ ಹವಾಮಾನ ಇಲಾಖೆ ಕರಾವಳಿಗೆ ಎಚ್ಚರಿಕೆ ತಲುಪಿಸೋಕೆ ವಿಶೇಷ ತಂತಿ ಜಾಲ ಹಾಕಲು ಶುರು ಮಾಡಿತು. ಆ ಜಾಲ ವರ್ಷದಲ್ಲಿ ಎಷ್ಟು ದಿನ ಕೆಲಸ ಮಾಡಬೇಕು? "ಹರಿಕೇನ್ ಸೀಸನ್" ಎಂಬ ಅಧಿಕೃತ ಕಲ್ಪನೆ ಹುಟ್ಟಿದ್ದು ಈ ಪ್ರಶ್ನೆಯಿಂದ. ಉತ್ತರ: ಜೂನ್ 15ರಿಂದ ಅಕ್ಟೋಬರ್ 31. ಅಂದರೆ ಕ್ಯೂಬಾದ ಆ ಚಂಡಮಾರುತ ಈ ಕ್ಯಾಲೆಂಡರಿನ ಪ್ರಕಾರ ಸೀಸನ್ ಮುಗಿಯುವಾಗ ಒಂದು ದಿನದ ಕೂಸು. ಅದೇ 1935ರ ನವೆಂಬರ್ 4ರಂದು ಇನ್ನೊಂದು ಹರಿಕೇನ್ ನೇರ ಮಯಾಮಿಗೇ ಬಂತು. ದಕ್ಷಿಣದ ಬದಲು ಉತ್ತರದ ಕಡೆಯಿಂದ ಬಂದದ್ದಕ್ಕೆ ಜನ ಅದನ್ನ "ಯಾಂಕೀ ಹರಿಕೇನ್" ಅಂತ ಕರೆದರು.

ಇಲಾಖೆಯವರು ದಡ್ಡರಾಗಿರಲಿಲ್ಲ. ಜನ, ತಂತಿ, ಸಂಬಳ, ಎಲ್ಲಕ್ಕೂ ಮಿತಿ ಇತ್ತು; ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಿತ್ತು. ಆ ಗೆರೆ ಮೆಲ್ಲಗೆ ಸರಿಯಿತು: ಮೊದಲು ನವೆಂಬರ್ 15, ಆಮೇಲೆ 1965ರ ಹೊತ್ತಿಗೆ ನವೆಂಬರ್ 30. ಅಟ್ಲಾಂಟಿಕ್‌ನ ಚಂಡಮಾರುತ ಚಟುವಟಿಕೆಯಲ್ಲಿ ಸುಮಾರು ಶೇಕಡಾ 97ರಷ್ಟು ಈಗಿನ ಗೆರೆಯೊಳಗೆ ಬರುತ್ತೆ. ಒಳ್ಳೆ ಗೆರೆಯೇ. ಆದರೆ 2005ರ ಡಿಸೆಂಬರ್ 30ರಂದು ಹುಟ್ಟಿದ ಝೀಟಾ, 2006ರ ಜನವರಿ 6ರವರೆಗೆ ಬದುಕಿತ್ತು.

ಗೆರೆಯೊಳಗೇ ಬಂದರೂ ನವೆಂಬರಿನವು ಜನರ ಅಂದಾಜಿಗೆ ಸಿಗಲ್ಲ. 1999ರ ನವೆಂಬರ್‌ನಲ್ಲಿ ಲೆನ್ನಿ ಎಂಬ ಹರಿಕೇನ್ ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಉಲ್ಟಾ ದಿಕ್ಕಿಗೆ ಹೋಯಿತು. ದ್ವೀಪಗಳ ಪಶ್ಚಿಮ ದಡ ಸುರಕ್ಷಿತ ಅಂತ ಅಲ್ಲಿ ಬಂದರು, ಮನೆ ಕಟ್ಟಿದ್ದವರಿಗೆ ಅಲೆಗಳು ಎದುರಿಂದಲೇ ಬಡಿದವು. 2020ರ ನವೆಂಬರ್ 3ರಂದು ಈಟಾ ನಿಕರಾಗುವಾಕ್ಕೆ ಬಂತು. ಎರಡು ದಿನದ ಮೇಲೆ, ಅದರ ಮಳೆಗೆ ಗ್ವಾಟೆಮಾಲಾದಲ್ಲಿ ಗುಡ್ಡ ಕುಸಿದು ಕೆಹಾ ಅನ್ನೋ ಹಳ್ಳಿ ಮಣ್ಣಿನಡಿ ಹೋಯಿತು. 13 ದಿನದ ಅಂತರದಲ್ಲಿ, ಈಟಾ ದಡ ಮುಟ್ಟಿದ ಜಾಗಕ್ಕೆ ಸುಮಾರು 25 ಕಿಲೋಮೀಟರ್ ಹತ್ತಿರದಲ್ಲೇ ಅಯೋಟಾ ಬಂತು. ಚಾವಣಿ ರಿಪೇರಿ ಆಗಿರಲಿಲ್ಲ, ಮಣ್ಣು ಒಣಗಿರಲಿಲ್ಲ.

ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಸೀಸನ್‌ನಲ್ಲಿ ದಿನಕ್ಕೆ ನಾಲ್ಕು ಸಲ ಮುನ್ನೋಟ ಹೊರಡಿಸುತ್ತೆ. ಮುಂದಿನ 2 ದಿನ ಮತ್ತು 7 ದಿನಗಳಲ್ಲಿ ಎಲ್ಲಿ, ಶೇಕಡಾ ಎಷ್ಟು ಸಾಧ್ಯತೆ ಅಂತ ಅದರಲ್ಲಿ ಇರುತ್ತೆ. 2021ರಿಂದ ಇದು ಮೇ 15ಕ್ಕೇ ಶುರುವಾಗ್ತಿದೆ. ಕೊನೆಯ ದಿನಾಂಕ ಮಾತ್ರ ನವೆಂಬರ್ 30 ಆಗಿಯೇ ಉಳಿದಿದೆ. ಆಮೇಲೆ ಅಗತ್ಯ ಬಿದ್ದರೆ ವಿಶೇಷ ಮುನ್ನೋಟ ಬರುತ್ತೆ. ಕಿಟಕಿಯ ಹಲಗೆಗಳನ್ನ ಗ್ಯಾರೇಜಿನ ಮೂಲೆಗೆ ಸೇರಿಸೋ ಮೊದಲು, ನವೆಂಬರ್‌ನಲ್ಲೂ ದಿನಕ್ಕೊಂದು ಸಲ ಆ ನಕ್ಷೆಯಲ್ಲಿ ಪಶ್ಚಿಮ ಕೆರಿಬಿಯನ್ ಕಡೆ ಕಣ್ಣು ಹಾಯಿಸಿ. ಸಾಂತಾ ಕ್ರೂಸ್ ದೆಲ್ ಸುರ್‌ನವರಿಗೆ ಅಂಥ ನಕ್ಷೆ ಇರಲಿಲ್ಲ.